ಬಾಸೆಲ್ ಮಿಶನ್ ಬಂಗಲೆಯ ಗಂಡ ಹೆಂಡತಿ

ನಮ್ಮ ಕ್ರೈಸ್ತ ಸಭೆಗಳ ಚರಿತ್ರೆ ಬರೆಯುವವರೆಲ್ಲ 1834ರ ಅಕ್ಟೋಬರ್ 30ರಿಂದ ಶುರು ಮಾಡುತ್ತಾರೆ. ಅಂದು ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದು ಸೇರಿದರು. ಆಮೇಲೆ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1853ರಲ್ಲಿ ಕೊಡಗು. ಪ್ರತಿ ಊರಿನ ಮುಂದೆ ಒಬ್ಬಿಬ್ಬರು ಗಂಡಸರ ಹೆಸರು ಬರುತ್ತದೆ, ಅವರ ಶಾಲೆ, ಅಚ್ಚುಕೂಟ, ಪುಸ್ತಕಗಳ ವಿವರ ಬರುತ್ತದೆ. ಆ ಹೆಸರುಗಳ ಮೇಲೆ ನನಗೂ ಅಭಿಮಾನವಿದೆ. ಆದರೆ ಮಿಶನ್ ಸ್ಟೇಶನ್ ಎಂದರೆ ಮೊದಲು ಒಂದು ಮನೆ. ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದರು. ಚರಿತ್ರೆ ಒಬ್ಬರನ್ನು ಮಾತ್ರ ನೆನಪಿಟ್ಟುಕೊಂಡಿದೆ. ಈ ಸಂಚಿಕೆಯಲ್ಲಾದರೂ ಇಬ್ಬರ ದಿನಚರಿಯನ್ನೂ ಒಟ್ಟಿಗೆ ನೋಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಈ ಮದುವೆಗಳು ನಡೆದ ರೀತಿಯೇ ಬೇರೆ. ಮಿಶನರಿ ಯುವಕ ಒಂಟಿಯಾಗಿಯೇ ಹಡಗು ಹತ್ತಬೇಕಿತ್ತು. ಇಲ್ಲಿ ಎರಡು ವರ್ಷ ಸೇವೆ ಸಲ್ಲಿಸಿದ ಮೇಲೆ ಮದುವೆಗೆ ಅನುಮತಿ ಬೇಡಿ ಬಾಸೆಲಿನ ಕಮಿಟಿಗೆ ಬರೆಯಬಹುದಿತ್ತು. ಹೆಣ್ಣು ಯಾರೆಂಬುದಕ್ಕೂ ಕಮಿಟಿಯ ಒಪ್ಪಿಗೆ ಬೇಕು. ಎಷ್ಟೋ ಸಲ ಹೆಣ್ಣನ್ನು ಹುಡುಕಿಕೊಡುತ್ತಿದ್ದದ್ದೂ ಮಿಶನ್ನಿನ ಹಿರಿಯರೇ. ವ್ಯೂರ್ಟೆಂಬರ್ಗಿನ ಯಾವುದೋ ಹಳ್ಳಿಯ ಹುಡುಗಿ, ಮುಖ ನೋಡದ ಗಂಡನಿಗಾಗಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದು ಬಂದರಿನಲ್ಲಿ ಅವನನ್ನು ಮೊದಲ ಸಲ ಕಾಣುತ್ತಿದ್ದಳು. ನಮ್ಮ ಅಜ್ಜಿಯರ ಕಾಲದ ಮದುವೆಗಳನ್ನು ಬಲ್ಲವರಿಗೆ ಇದು ತೀರ ವಿಚಿತ್ರವೆನಿಸದು. ಆದರೆ ನಮ್ಮ ಅಜ್ಜಿಯರಿಗೆ ಕೂಗಳತೆಯಲ್ಲಿ ತವರಿತ್ತು, ಈಕೆಗೆ ಅದೂ ಇರಲಿಲ್ಲ.

ಬಂಗಲೆಯ ದಿನ ಗಂಟೆಯ ಸದ್ದಿನ ಮೇಲೆ ನಡೆಯುತ್ತಿತ್ತು. ಬೆಳಗಿನ ಪ್ರಾರ್ಥನೆಗೆ ಮನೆಯವರ ಜೊತೆ ಬೋರ್ಡಿಂಗಿನ ಮಕ್ಕಳೂ ಕೆಲಸದವರೂ ಸೇರುತ್ತಿದ್ದರು. ಹಾಡಿನ ಮಾತು ಕನ್ನಡದ್ದು ಅಥವಾ ತುಳುವಿನದು, ಧಾಟಿ ಜರ್ಮನಿಯದು. ಇಂದಿಗೂ ನಮ್ಮ ಆರಾಧನೆಯಲ್ಲಿ ಅಂಥ ಹಾಡುಗಳಿವೆ. ಬಿಸಿಲೇರುವ ಮೊದಲು ಅಯ್ಯನವರು, ಅಂದರೆ ಮಿಶನರಿ, ಶಾಲೆಗೆ ಹೋಗಿ ಪಾಠ ಮಾಡುವರು, ಇಲ್ಲವೇ ಭಾಷೆ ಕಲಿಸುವ ಮುನ್ಶಿಯನ್ನು ಕೂರಿಸಿಕೊಂಡು ತಾವೇ ಕನ್ನಡ ಕಲಿಯುವರು. ಉಪದೇಶಿಗಳು ಬಂದು ಹಳ್ಳಿಯ ಸುದ್ದಿ ಹೇಳುವರು. ಜೊತೆಗೆ ಬಾಸೆಲಿಗೆ ಬರೆಯಬೇಕಾದ ವರದಿ, ಲೆಕ್ಕಪತ್ರ. ಮಳೆ ನಿಂತ ಮೇಲೆ ಅವರು ಬಂಗಲೆಯಲ್ಲಿರುತ್ತಿದ್ದದ್ದೇ ಕಡಿಮೆ. ಎತ್ತಿನ ಗಾಡಿಯಲ್ಲೋ ಕುದುರೆಯ ಮೇಲೋ ಸಂತೆ ಜಾತ್ರೆಗಳನ್ನು ಸುತ್ತುತ್ತಿದ್ದರು.

ಅವರು ಹಾಗೆ ಸುತ್ತಲು ಹೋದಾಗ ಸ್ಟೇಶನ್ ನಡೆಸುತ್ತಿದ್ದವರು ಯಾರು? ಅವರ ಹೆಂಡತಿ, ಅಮ್ಮನವರು. ಬೋರ್ಡಿಂಗಿನ ಹೆಣ್ಣುಮಕ್ಕಳಿಗೆ ಅಕ್ಕಿ ಅಳೆದು ಕೊಡಬೇಕು, ತಲೆ ಬಾಚಿಸಬೇಕು, ಓದು ಬರಹದ ಜೊತೆಗೆ ಹೊಲಿಗೆ, ಕಸೂತಿ ಕಲಿಸಬೇಕು. ಜ್ವರ ಬಂದವರು, ಹುಣ್ಣಾದವರು, ಎಳೆಗೂಸನ್ನು ಎತ್ತಿಕೊಂಡ ತಾಯಂದಿರು ಜಗುಲಿಗೆ ಬರುವರು. ನಮ್ಮ ಮಿಶನ್ ಡಾಕ್ಟರ್ ಲೀಬೆನ್‌ಡರ್ಫರ್ ಕಲ್ಲಿಕೋಟೆಯಲ್ಲಿ ಕೆಲಸ ಆರಂಭಿಸಿದ್ದು 1886ರಲ್ಲಿ. ಅದಕ್ಕೆ ಮೊದಲಿನ ಅರ್ಧ ಶತಮಾನ, ಅನೇಕ ಕಡೆ ಅಮ್ಮನವರ ಔಷಧಿ ಪೆಟ್ಟಿಗೆಯೇ ಆಸ್ಪತ್ರೆ. ಇಷ್ಟೆಲ್ಲ ಮಾಡಿದವರಿಗೆ ಪ್ರತ್ಯೇಕ ಸಂಬಳವಿರಲಿಲ್ಲ, ಮಿಶನರಿಗಳ ಸಭೆಯಲ್ಲಿ ಓಟೂ ಇರಲಿಲ್ಲ. ಇದು ಅನ್ಯಾಯವೆಂದು ಈಗಲಾದರೂ ನಾವು ಬಾಯಿಬಿಟ್ಟು ಹೇಳಬೇಕು.

ಅದಕ್ಕಿಂತ ದೊಡ್ಡ ನೋವು ಮಕ್ಕಳದ್ದು. 1853ರಲ್ಲಿ ಬಾಸೆಲಿನಲ್ಲಿ ಮಿಶನರಿಗಳ ಮಕ್ಕಳಿಗೆಂದೇ ಒಂದು ಮನೆ ತೆರೆದರು. ಶಾಲೆಗೆ ಹೋಗುವ ವಯಸ್ಸಿಗೆ ಮಕ್ಕಳನ್ನು ಅಲ್ಲಿಗೆ ಕಳಿಸಬೇಕು. ಹೀಗೆ ಹಡಗು ಹತ್ತಿಸಿದ ಮಗುವನ್ನು ಮತ್ತೆ ನೋಡುವ ಹೊತ್ತಿಗೆ ಅದು ಬೆಳೆದು ಅಪರಿಚಿತವಾಗಿರುತ್ತಿತ್ತು. ಎಷ್ಟೋ ಸಲ ನೋಡುವುದೇ ಆಗುತ್ತಿರಲಿಲ್ಲ. ನಡುವೆ ಇದ್ದದ್ದು ಕಾಗದಗಳು ಮಾತ್ರ. ಮಗುವಿಗೆ ಹಲ್ಲು ಬಿತ್ತೆಂಬ ಸುದ್ದಿ ತಾಯಿಗೆ ಮುಟ್ಟುವಷ್ಟರಲ್ಲಿ ಅಲ್ಲಿ ಹೊಸ ಹಲ್ಲು ಬಂದಿರುತ್ತಿತ್ತು. ತನ್ನ ಮಕ್ಕಳನ್ನು ಹೀಗೆ ಕಳಿಸಿಕೊಟ್ಟ ತಾಯಿ ಮರುದಿನ ಬೆಳಿಗ್ಗೆ ಎದ್ದು ಬೋರ್ಡಿಂಗಿನ ಮಕ್ಕಳ ತಲೆ ಬಾಚಿಸಬೇಕಿತ್ತು. ಕಮಿಟಿಯ ಈ ನಿಯಮವನ್ನು ಯಾವ ಉದ್ದೇಶ ಹೇಳಿದರೂ ನನ್ನಿಂದ ಸಮರ್ಥಿಸಲಾಗದು.

ಇಂಥ ಕೆಲವು ಮನೆಗಳನ್ನು ನೋಡೋಣ. ಮಿಶನರಿ ಹೆರ್ಮನ್ ಮೊಗ್ಲಿಂಗ್ ಎಂದರೆ ನಮಗೆ 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ ನೆನಪಾಗುತ್ತದೆ. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಿಸಿದ್ದು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅವರು ಅಚ್ಚಿಗೆ ತಂದದ್ದೂ ನೆನಪಾಗುತ್ತದೆ. ಆದರೆ ಅವರ ಮನೆಯ ಕಥೆ ಗೊತ್ತಿರುವವರು ಕಡಿಮೆ. ನಲವತ್ತು ದಾಟಿದರೂ ಅವರು ಒಂಟಿಯಾಗಿದ್ದರು. ಅವರ ಬಂಧುವೂ ಸಾಹಿತ್ಯದ ಕೆಲಸದಲ್ಲಿ ಒಡನಾಡಿಯೂ ಆಗಿದ್ದ ಮಿಶನರಿ ವೈಗ್ಲೆ 1855ರಲ್ಲಿ ತೀರಿಕೊಂಡರು. ಮುಂದೆ ಮೊಗ್ಲಿಂಗ್ ಅವರು ವೈಗ್ಲೆಯವರ ವಿಧವೆ ಪೌಲಿನೆಯವರನ್ನು ಮದುವೆಯಾದರು. ಇಬ್ಬರೂ ಎಳೆಯರಲ್ಲ, ಈ ಹವೆ ಇಬ್ಬರನ್ನೂ ಹಣ್ಣು ಮಾಡಿತ್ತು. ಒಬ್ಬರು ಗೆಳೆಯನನ್ನು, ಇನ್ನೊಬ್ಬರು ಗಂಡನನ್ನು ಈ ನೆಲದಲ್ಲೇ ಕಳೆದುಕೊಂಡವರು. ಅವರ ಸಂಸಾರ ನಡೆದದ್ದು ಕೊಡಗಿನಲ್ಲಿ. ಸಿದ್ದಾಪುರದ ಹತ್ತಿರ ಆನಂದಪುರ ಎಂಬ ಊರು ಕಟ್ಟಿ, ಕ್ರೈಸ್ತರಾದ ಹೊಲೆಯ ಕೂಲಿಗಳಿಗೆ ಅಲ್ಲಿ ನೆಲೆ ಮಾಡಿಕೊಟ್ಟು ಕಾಫಿ ತೋಟ ಎಬ್ಬಿಸಿದ ಕಾಲವದು. ಕಾಡು, ಜಿಗಣೆ, ಮಳೆ, ಮಲೇರಿಯಾ. ಹೊಲಗಳಲ್ಲಿ ಜೀತಕ್ಕಿದ್ದವರಿಗೆ ಸ್ವಂತ ಗುಡಿಸಲು, ಮಕ್ಕಳಿಗೆ ಅಕ್ಷರ ಸಿಕ್ಕಿತು. ಪೌಲಿನೆಯವರ ಆರೋಗ್ಯ ಕೆಟ್ಟಿತು. 1860ರಲ್ಲಿ ದಂಪತಿ ಊರಿಗೆ ಮರಳಬೇಕಾಯಿತು, ಮತ್ತೆ ಬರಲಾಗಲಿಲ್ಲ. ಆದರೂ ಮೊಗ್ಲಿಂಗ್ ಜರ್ಮನಿಯಲ್ಲಿ ಕೂತು ಜೈಮಿನಿ ಭಾರತದ ಭಾಗಗಳನ್ನು ಜರ್ಮನ್ ಭಾಷೆಗೆ ತಂದರು. 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು.

ಆನಂದಪುರಕ್ಕೆ ಬೆನ್ನೆಲುಬಾಗಿದ್ದ ಇನ್ನೊಬ್ಬರು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಮನೆತನದ ಅವರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಎದ್ದು ನಿಂತಿತ್ತು. ಬಾಸೆಲಿನಲ್ಲಿ ಓದಿ 1851ರಲ್ಲಿ ಮಿಶನರಿಯಾಗಿ ಅಭಿಷಿಕ್ತರಾದರು. 1860ರಲ್ಲಿ ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದರು. ಆ ಕಾಲಕ್ಕೆ ಅಂಥ ಮದುವೆ ಎರಡೂ ಕಡೆಯವರ ಹುಬ್ಬೇರಿಸುವಂಥದ್ದು. 1893ರಲ್ಲಿ ಕೌಂಡಿನ್ಯರು ತೀರಿಕೊಳ್ಳುವವರೆಗೂ ಆ ಸಂಸಾರ ಮುರಿಯಲಿಲ್ಲ.

ಇನ್ನು ಕನ್ನಡ ನಿಘಂಟು ಮಾಡಿದ ಮಿಶನರಿ ಕಿಟೆಲ್. ಅವರ ಮೊದಲ ಹೆಂಡತಿ ಪೌಲಿನೆ ಐತ್ ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ ಕಾಲವಾದರು. 1867ರಲ್ಲಿ ಆಕೆಯ ತಂಗಿ ಯೂಲಿಯವರನ್ನು ಕಿಟೆಲ್ ಮದುವೆಯಾದರು. 1877ರಲ್ಲಿ ಸಂಸಾರ ಜರ್ಮನಿಗೆ ಮರಳಿತು. ಅಷ್ಟಕ್ಕೇ ಅವರು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ನಿಘಂಟು ಮುಗಿದಿರಲಿಲ್ಲ. 1883ರಲ್ಲಿ ಐವತ್ತು ದಾಟಿದ ಕಿಟೆಲ್ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಒಬ್ಬರೇ ಬಂದರು. 1892ರವರೆಗೆ ಇಲ್ಲೇ ಉಳಿದು ಹಳಗನ್ನಡದ ತಾಳೆಗರಿ, ಜನರ ಬಾಯಿಮಾತು ಎರಡನ್ನೂ ಹುಡುಕಿ ಪದ ಕೂಡಿಸಿದರು. ಸುಮಾರು 70,000 ಪದಗಳ ಆ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಂತು. ಆ ಒಂಬತ್ತು ವರ್ಷ ಯೂಲಿಯವರು ಗಂಡನಿಲ್ಲದ ಮನೆಯನ್ನು ನಡೆಸಿದರು. ಕಿಟೆಲ್ ಹೆಸರಿನಲ್ಲಿ ನಾವು ಕಾಲೇಜು ಕಟ್ಟಿದ್ದೇವೆ, ಪ್ರತಿಮೆ ನಿಲ್ಲಿಸಿದ್ದೇವೆ. ಕನ್ನಡಿಗರು ಯೂಲಿ ಕಿಟೆಲ್ ಅವರಿಗೂ ಋಣಿಗಳು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

1914ರಲ್ಲಿ ಶುರುವಾದ ಮಹಾಯುದ್ಧ ಈ ಅಧ್ಯಾಯವನ್ನು ಕಡಿದು ಹಾಕಿತು. ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳಿಸಿತು. ಇಲ್ಲೇ ತಲೆ ನರೆತವರೂ ಗಂಟು ಕಟ್ಟಿ ಹೊರಡಬೇಕಾಯಿತು. ಕೆಲಸ ನಿಲ್ಲಲಿಲ್ಲ. ನಮ್ಮವರೇ ಆದ ಸಭಾಪಾಲಕರು, ಉಪದೇಶಿಗಳು, ಅವರ ಮಡದಿಯರು ಅದನ್ನು ಕೈಗೆತ್ತಿಕೊಂಡರು. ಇಂದಿಗೂ ಅಯ್ಯನವರು ಸಂದರ್ಶನಕ್ಕೆ ಹೊರಟಾಗ ಬಾಗಿಲಿಗೆ ಬಂದವರ ಕಷ್ಟ ಕೇಳುವವರು ಅಮ್ಮನವರೇ. ಅವರ ಹೆಸರೂ ವರ್ಷದ ವರದಿಯಲ್ಲಿ ಇರುವುದಿಲ್ಲ.

ಬಾಸೆಲಿನ ಮಿಶನ್ ದಫ್ತರಖಾನೆಯಲ್ಲಿ ಆ ಕಾಲದ ಕಾಗದ, ವರದಿ, ಫೋಟೋಗಳು ಜೋಪಾನವಾಗಿವೆ. ಮಂಗಳೂರಿನ ನಮ್ಮ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಹಳೆಯ ದಾಖಲೆಗಳ ಸಂಗ್ರಹವಿದೆ. ಆದರೆ ನಮ್ಮ ಸಭಾಪಾಲಕರ, ಉಪದೇಶಿಗಳ ಹೆಂಡತಿಯರ ಕಾಗದಗಳು ಇನ್ನೂ ಮನೆ ಮನೆಯ ಅಟ್ಟದ ಮೇಲಿವೆ, ಗೆದ್ದಲು ಹತ್ತುತ್ತಿವೆ. ನಿಮ್ಮ ಅಜ್ಜಿಯೋ ಮುತ್ತಜ್ಜಿಯೋ ಸಭೆಯ ಕೆಲಸದಲ್ಲಿದ್ದರೆ ಅವರ ಕಾಗದ, ಹಾಡಿನ ಪುಸ್ತಕ, ಲೆಕ್ಕದ ವಹಿ, ಫೋಟೋ ಏನಿದ್ದರೂ ಎಸೆಯಬೇಡಿ. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆದು ಬಲ್ಮಠಕ್ಕೆ ತಲುಪಿಸಿ. ಹೆಸರು ಬರೆಯುವಾಗ ಇಂಥವರ ಹೆಂಡತಿ ಎಂದಷ್ಟೇ ಬರೆಯದೆ ಆಕೆಯ ಸ್ವಂತ ಹೆಸರನ್ನೂ ಬರೆಯಿರಿ.