ಸೀಟಿ ಹಂಚಿದವಳು

ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಪುಸ್ತಕಗಳನ್ನು ಸುಡಿಸಿದ ಕಥೆಯನ್ನು ನಾವು ಮೇಷ್ಟರುಗಳು ಮಕ್ಕಳಿಗೆ ಹೇಳುವುದುಂಟು. ಅದರ ಮುಂದಿನ ಭಾಗವನ್ನು ಹೇಳುವುದು ಕಡಿಮೆ. ಕ್ರಿ.ಪೂ. 213ರಲ್ಲಿ ಆ ಅಪ್ಪಣೆಯಾದಾಗ ಫು ಶೆಂಗ್ ಎಂಬ ಪಂಡಿತ ಒಂದು ಗ್ರಂಥವನ್ನು ಮನೆಯ ಗೋಡೆಯೊಳಗೆ ಬಚ್ಚಿಟ್ಟ. ರಾಜವಂಶ ಬದಲಾದ ಮೇಲೆ ತೆಗೆದು ನೋಡಿದರೆ 29 ಅಧ್ಯಾಯಗಳಷ್ಟೇ ಉಳಿದಿದ್ದವು. ಅವನ್ನು ಕಲಿತು ಬರಲು ಹೊಸ ದೊರೆ ಒಬ್ಬ ಅಧಿಕಾರಿಯನ್ನು ಕಳಿಸುವ ಹೊತ್ತಿಗೆ ಫು ಶೆಂಗ್‌ಗೆ ತೊಂಬತ್ತು ದಾಟಿತ್ತು, ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಅದನ್ನು ಬಿಡಿಸಿ ಹೇಳಿದವಳು ಮಗಳು ಎಂಬ ಕಥೆಯಿದೆ. ಸುಡಲು ಒಬ್ಬನ ಅಪ್ಪಣೆ ಸಾಕಾಯಿತು, ಉಳಿಸಲು ಒಂದು ಮನೆಯೇ ಬೇಕಾಯಿತು.

ಅದೇ ದೇಶದಲ್ಲಿ 2020ರಲ್ಲಿ ನಡೆದದ್ದನ್ನು ಓದಿದಾಗ ನನಗೆ ಆ ಮಗಳೇ ನೆನಪಾದಳು.

ಡಾ. ಐ ಫೆನ್ ವುಹಾನ್ ನಗರದ ಸೆಂಟ್ರಲ್ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥೆ. 2019ರ ಡಿಸೆಂಬರ್ 30ರಂದು ರೋಗಿಯೊಬ್ಬರ ವರದಿಯಲ್ಲಿ 'ಸಾರ್ಸ್' ಎಂಬ ಪದ ಕಂಡು, ಅದರ ಸುತ್ತ ಕೆಂಪು ಗೆರೆ ಎಳೆದು, ಫೋಟೋ ತೆಗೆದು ಹಳೆಯ ಸಹಪಾಠಿಗೆ ಕಳಿಸಿದರು. ಅದು ಕೈಯಿಂದ ಕೈಗೆ ಹೋಗಿ, ಅದೇ ಆಸ್ಪತ್ರೆಯ ಕಣ್ಣಿನ ವೈದ್ಯ ಡಾ. ಲಿ ವೆನ್‌ಲಿಯಾಂಗ್‌ರನ್ನೂ ತಲುಪಿತು. ಅವರು ತಮ್ಮ ಗೆಳೆಯರಿಗೆ ತಿಳಿಸಿದರು.

ಐ ಫೆನ್‌ರನ್ನು ಮೇಲಿನವರು ಕರೆಸಿ ಕಠೋರವಾಗಿ ಬೈದರು. ಆಕೆ ಮನೆಗೆ ಬಂದವರೇ ಗಂಡನಿಗೆ ಹೇಳಿದರಂತೆ, ನನಗೇನಾದರೂ ಆದರೆ ಮಕ್ಕಳನ್ನು ಚೆನ್ನಾಗಿ ಬೆಳೆಸಿ ಎಂದು. ಎರಡನೆಯ ಮಗುವಿಗೆ ಆಗಷ್ಟೇ ವರ್ಷ ದಾಟಿತ್ತು. ಜನವರಿ 3ರಂದು ಪೊಲೀಸರು ಲಿಯವರಿಂದ ಮುಚ್ಚಳಿಕೆ ಬರೆಸಿಕೊಂಡರು. ಇನ್ನು ಸುಮ್ಮನಿರಲು ಆಗುತ್ತದೆಯೇ? ಆಗುತ್ತದೆ. ಅರ್ಥವಾಯಿತೇ? ಅರ್ಥವಾಯಿತು. ಕೆಳಗೆ ಹೆಬ್ಬೆಟ್ಟಿನ ಗುರುತು. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆಂದು ಜನರಿಗೆ ಬಹಿರಂಗವಾಗಿ ತಿಳಿಸಿದ್ದು ಜನವರಿ 20ರಂದು. ಮೂರು ವಾರ ಹೋಗಿತ್ತು. ಫೆಬ್ರವರಿ 7ರಂದು ಲಿ ಅದೇ ರೋಗದಿಂದ ತೀರಿಕೊಂಡರು. ಅಂದು ಅಂತರ್ಜಾಲದಲ್ಲಿ ಸಾವಿರಾರು ಜನ ಆ ಮುಚ್ಚಳಿಕೆಗೆ ಉತ್ತರ ಬರೆದರು: ಆಗುವುದಿಲ್ಲ, ಅರ್ಥವಾಗಿಲ್ಲ.

ಮಾರ್ಚ್ 10ರಂದು 'ರೆನ್‌ವು' ಪತ್ರಿಕೆ ಐ ಫೆನ್‌ರ ಮಾತುಗಳನ್ನು ಪ್ರಕಟಿಸಿತು. ತಾನು ಸೀಟಿ ಊದಿದವಳಲ್ಲ, ಸೀಟಿ ಹಂಚಿದವಳು ಎಂದರು ಆಕೆ. ಹೀಗಾಗುವುದೆಂದು ಮೊದಲೇ ತಿಳಿದಿದ್ದರೆ, ಬೈಗುಳಕ್ಕೆ ಅಂಜದೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ ಎಂದೂ ಹೇಳಿದರು. ಕೆಲವೇ ಗಂಟೆಗಳಲ್ಲಿ ಲೇಖನವನ್ನು ಅಳಿಸಲಾಯಿತು.

ಆಮೇಲೆ ನಡೆದದ್ದೇ ಸೊಗಸು. ನಿಷೇಧಿತ ಪದಗಳನ್ನು ಹುಡುಕಿ ಅಳಿಸುವುದು ಬಹುಮಟ್ಟಿಗೆ ಯಂತ್ರ. ಓದುಗರು ಯಂತ್ರಕ್ಕೆ ತಿಳಿಯದಂತೆ ಅದೇ ಲೇಖನವನ್ನು ಹಿಂದುಮುಂದಾಗಿ ಬರೆದರು. ತಂತಿ ಸಂದೇಶದ ಚುಕ್ಕಿ-ಗೆರೆಗಳಲ್ಲಿ, ಅಂಧರ ಬ್ರೈಲ್‌ನಲ್ಲಿ, ಪುಟ್ಟ ಪುಟ್ಟ ಚಿತ್ರಗಳಲ್ಲಿ ಬರೆದರು. ಮೂರು ಸಾವಿರ ವರ್ಷಗಳ ಹಿಂದೆ ಮೂಳೆಯ ಮೇಲೆ ಕೊರೆಯುತ್ತಿದ್ದ ಲಿಪಿಯಲ್ಲೂ ಬರೆದರು. ಒಂದನ್ನು ಅಳಿಸಿದರೆ ಇನ್ನೊಂದು ಏಳುತ್ತಿತ್ತು.

ಇಂಥ ಜಾಣತನ ಅವರಿಗೆ ಹೊಸದಲ್ಲ. 2018ರಲ್ಲಿ ಚೀನೀ ವಿದ್ಯಾರ್ಥಿನಿಯರು ತಮ್ಮ ಮೇಲಾದ ಲೈಂಗಿಕ ಕಿರುಕುಳದ ಬಗ್ಗೆ 'ಮೀ ಟೂ' ಎಂದು ಬರೆಯತೊಡಗಿದಾಗ ಆ ಮಾತಿಗೂ ತಡೆ ಬಿತ್ತು. ಅವರ ಭಾಷೆಯಲ್ಲಿ 'ಮಿ' ಎಂದರೆ ಅಕ್ಕಿ, 'ತು' ಎಂದರೆ ಮೊಲ. ಹುಡುಗಿಯರು ಅನ್ನದ ಬಟ್ಟಲು, ಮೊಲಗಳ ಚಿತ್ರ ಹಾಕಿದರು. ನಾವು ತರಗತಿಯಲ್ಲಿ ಶ್ಲೇಷಾಲಂಕಾರ ಎಂದು ಉರು ಹೊಡೆಸುವುದು ಅಲ್ಲಿ ಮಾನ ಉಳಿಸುವ ಕೆಲಸ ಮಾಡಿತು.

ಇದಕ್ಕೆಲ್ಲ ತೆತ್ತ ಬೆಲೆ ದೊಡ್ಡದು. ವುಹಾನಿಗೆ ಹೋಗಿ, ಕಂಡದ್ದನ್ನು ಜಗತ್ತಿಗೆ ತೋರಿಸಿದ ಝಾಂಗ್ ಝಾನ್ ಎಂಬಾಕೆಗೆ 2020ರ ಡಿಸೆಂಬರ್‌ನಲ್ಲಿ ನಾಲ್ಕು ವರ್ಷ ಸಜೆಯಾಯಿತು. 2024ರ ಮೇ ತಿಂಗಳಲ್ಲಿ ಬಿಟ್ಟರು, ಆಗಸ್ಟ್‌ನಲ್ಲಿ ಮತ್ತೆ ಹಿಡಿದರು. ಅಳಿಸಿದ ಬರಹಗಳನ್ನು ಕೂಡಿಟ್ಟ ಬೀಜಿಂಗಿನ ಇಬ್ಬರು ತರುಣರಿಗೆ 2021ರಲ್ಲಿ 15 ತಿಂಗಳ ಸಜೆ. ಅವರು ಮಾಡಿದ್ದು ಫು ಶೆಂಗ್ ಮಾಡಿದ್ದನ್ನೇ. ಗೋಡೆ ಮಾತ್ರ ಬೇರೆ.

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ ಎನ್ನುತ್ತೇವೆ. ಆದರೆ ಊರ ಬಾಯಿ ತಾನಾಗಿ ತೆರೆಯುವುದಿಲ್ಲ, ಮೊದಲು ಯಾರೋ ಒಬ್ಬರು ಹೇಳಬೇಕು. 'ನಿನಗ್ಯಾಕೆ ಬೇಕಿತ್ತು, ಸುಮ್ಮನಿರಬಾರದಿತ್ತೇ' ಎಂಬ ಮಾತನ್ನು ಕೇಳದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ? ಐ ಫೆನ್ ಕೂಡ ಅದನ್ನೇ ಕೇಳಿಸಿಕೊಂಡವರು. ಕೇಳಿಸಿಕೊಂಡ ಮೇಲೂ, ನಡೆದದ್ದು ಹೀಗೆ ಎಂದು ತಮ್ಮ ಹೆಸರು ಹಾಕಿಯೇ ಹೇಳಿದರು.