ವಾಲ್ಟ್ ಡಿಸ್ನಿ: ಮೊಲ ಕೈತಪ್ಪಿದ ಮೇಲೆ ಹುಟ್ಟಿದ ಇಲಿ

ವ್ಯಂಗ್ಯಚಿತ್ರಗಳಿಗೆ ಜೀವ ತುಂಬಿ ಬೆಳ್ಳಿತೆರೆಯ ಮೇಲೆ ಕುಣಿಸಿದವರಲ್ಲಿ ಅಮೆರಿಕದ ವಾಲ್ಟ್ ಡಿಸ್ನಿ (1901-1966) ಅಗ್ರಗಣ್ಯರು. ಸ್ಪರ್ಧಾ ವಿಭಾಗಗಳಲ್ಲಿ 22 ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಅವರ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಈ ಯಶಸ್ಸಿನ ಹಿಂದೆ ದಿವಾಳಿ, ಸಾಲ ಮತ್ತು ಮುಷ್ಕರಗಳ ದೀರ್ಘ ಇತಿಹಾಸವಿದೆ. ಬಹುತೇಕ ಪ್ರತಿಯೊಂದು ಸೋಲಿನ ಬಳಿಕವೂ ಡಿಸ್ನಿ ತಮ್ಮ ಕೆಲಸದ ಕ್ರಮವನ್ನು ತಿದ್ದಿಕೊಂಡರು. ಅವರ ಬದುಕಿನಿಂದ ಕಲಿಯಬೇಕಾದ ಮುಖ್ಯ ಪಾಠವೂ ಇದೇ.

ಬಾಲ್ಯ ಮತ್ತು ಮೊದಲ ದಿವಾಳಿ

ಡಿಸ್ನಿ ಜನಿಸಿದ್ದು 1901ರ ಡಿಸೆಂಬರ್ 5ರಂದು, ಶಿಕಾಗೊ ನಗರದಲ್ಲಿ. ಮಿಸೌರಿ ರಾಜ್ಯದ ಮಾರ್ಸಲಿನ್ ಎಂಬ ಪುಟ್ಟ ಊರಿನ ತೋಟದಲ್ಲಿ ಅವರ ಬಾಲ್ಯದ ಕೆಲವು ವರ್ಷಗಳು ಕಳೆದವು. ಕುಟುಂಬ ಕಾನ್ಸಾಸ್ ಸಿಟಿಗೆ ಬಂದಾಗ ತಂದೆ ಎಲಿಯಾಸ್ ಪತ್ರಿಕೆ ಹಂಚುವ ಕೆಲಸವನ್ನು ವಹಿಸಿಕೊಂಡರು. ಬಾಲಕ ವಾಲ್ಟ್ ನಸುಕಿನಲ್ಲೇ ಎದ್ದು, ಹಿಮವನ್ನೂ ಲೆಕ್ಕಿಸದೆ ಮನೆಮನೆಗೆ ಪತ್ರಿಕೆ ಹಾಕಿ ಶಾಲೆಗೆ ಹೋಗುತ್ತಿದ್ದರು.

1922ರಲ್ಲಿ ಅವರು ಅದೇ ನಗರದಲ್ಲಿ 'ಲಾಫ್-ಓ-ಗ್ರಾಂ' ಎಂಬ ಚಿತ್ರಸಂಸ್ಥೆಯನ್ನು ಕಟ್ಟಿದರು. ವಿತರಕರಿಂದ ಹಣ ಬಾರದೆ ಮರುವರ್ಷವೇ ಅದು ದಿವಾಳಿಯಾಯಿತು. ಡಿಸ್ನಿ ಸುಮಾರು 40 ಡಾಲರ್ ಕಿಸೆಯಲ್ಲಿಟ್ಟುಕೊಂಡು ಹಾಲಿವುಡ್ ರೈಲು ಹತ್ತಿದರು. ದಿವಾಳಿಯಾದ ಸಂಸ್ಥೆಯಲ್ಲಿ ತಯಾರಾಗಿದ್ದ ಕೊನೆಯ ಚಿತ್ರವೇ ಹೊಸ ಊರಿನಲ್ಲಿ ಅವರಿಗೆ ಮೊದಲ ಒಪ್ಪಂದವನ್ನು ತಂದುಕೊಟ್ಟಿತು. 1923ರ ಅಕ್ಟೋಬರ್‌ನಲ್ಲಿ ಅಣ್ಣ ರಾಯ್ ಜೊತೆಗೂಡಿ ಅವರು ಹೊಸ ಸಂಸ್ಥೆಯನ್ನು ಆರಂಭಿಸಿದರು. ಹಣಕಾಸಿನ ಹೊಣೆ ಅಣ್ಣನದು, ಕಲ್ಪನೆಯ ಹೊಣೆ ತಮ್ಮನದು.

ಕೈತಪ್ಪಿದ ಆಸ್ವಾಲ್ಡ್

1927ರಲ್ಲಿ ಡಿಸ್ನಿ ತಂಡ ರೂಪಿಸಿದ 'ಆಸ್ವಾಲ್ಡ್' ಎಂಬ ಮೊಲ ಬಹಳ ಬೇಗ ಜನಪ್ರಿಯವಾಯಿತು. ಮರುವರ್ಷ ಹೆಚ್ಚಿನ ಸಂಭಾವನೆ ಕೇಳಲು ಡಿಸ್ನಿ ನ್ಯೂಯಾರ್ಕಿಗೆ ಹೋದಾಗ, ವಿತರಕ ಚಾರ್ಲ್ಸ್ ಮಿಂಟ್ಜ್ ಇರುವ ಹಣವನ್ನೇ ಕಡಿತಗೊಳಿಸುವುದಾಗಿ ತಿಳಿಸಿದರು. ಡಿಸ್ನಿಯವರ ಬಹುತೇಕ ಕಲಾವಿದರನ್ನು ಅವರು ಅದಾಗಲೇ ತಮ್ಮ ಕಡೆಗೆ ಸೆಳೆದುಕೊಂಡಿದ್ದರು. ಪಾತ್ರದ ಹಕ್ಕು ಯೂನಿವರ್ಸಲ್ ಸಂಸ್ಥೆಯ ಬಳಿ ಇದ್ದುದರಿಂದ ಡಿಸ್ನಿ ಬರಿಗೈಯಲ್ಲಿ ಹಿಂತಿರುಗಬೇಕಾಯಿತು. ತಾನು ಸೃಷ್ಟಿಸಿದ ಪಾತ್ರದ ಹಕ್ಕು ತನ್ನಲ್ಲೇ ಇರಬೇಕೆಂಬ ನಿಯಮವನ್ನು ಅವರು ಮುಂದೆಂದೂ ಸಡಿಲಿಸಲಿಲ್ಲ.

ಜೊತೆಯಲ್ಲೇ ಉಳಿದಿದ್ದ ಚಿತ್ರಕಾರ ಅಬ್ ಐವರ್ಕ್ಸ್ ಅವರೊಂದಿಗೆ ಸೇರಿ ಡಿಸ್ನಿ ಮಿಕ್ಕಿ ಮೌಸ್ ಎಂಬ ಇಲಿಯನ್ನು ರೂಪಿಸಿದರು. ಮಿಕ್ಕಿಯ ಮೊದಲ ಎರಡು ಮೂಕಿಚಿತ್ರಗಳನ್ನು ಕೊಳ್ಳುವವರೇ ಇರಲಿಲ್ಲ. ವಾಕ್ಚಿತ್ರಗಳು ಆಗತಾನೇ ಬರತೊಡಗಿದ್ದವು. ಡಿಸ್ನಿ ಮೂರನೆಯ ಚಿತ್ರ 'ಸ್ಟೀಮ್‌ಬೋಟ್ ವಿಲ್ಲಿ'ಗೆ ಧ್ವನಿ ಜೋಡಿಸಲು ನಿರ್ಧರಿಸಿದರು. ಚಿತ್ರದ ಚಲನೆಗೆ ಸಂಗೀತ ಹೊಂದದೆ ಮೊದಲ ಧ್ವನಿಮುದ್ರಣ ವಿಫಲವಾಯಿತು. ಎರಡನೆಯದಕ್ಕೆ ಹಣ ಹೊಂದಿಸಲು ಅವರು ತಮ್ಮ ಕಾರನ್ನೇ ಮಾರಿದರು. 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ ಈ ಚಿತ್ರ ಮಿಕ್ಕಿಯನ್ನು ಮನೆಮಾತಾಗಿಸಿತು.

'ಡಿಸ್ನಿಯ ಹುಚ್ಚು'

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಡಿಸ್ನಿ ಒಗ್ಗುವವರಲ್ಲ. ಪೂರ್ಣಪ್ರಮಾಣದ ಚಿತ್ರವಾಗಿ 'ಸ್ನೋ ವೈಟ್' ತಯಾರಿಸಲು ಹೊರಟಾಗ ಚಿತ್ರರಂಗ ಅದನ್ನು 'ಡಿಸ್ನಿಯ ಹುಚ್ಚು' ಎಂದು ಹೀಯಾಳಿಸಿತು. ಎರಡೂವರೆ ಲಕ್ಷ ಡಾಲರ್ ಎಂದು ಅಂದಾಜಿಸಿದ್ದ ವೆಚ್ಚ ಸುಮಾರು 15 ಲಕ್ಷಕ್ಕೆ ಏರಿತು. 1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಪ್ರಥಮ ಪ್ರದರ್ಶನ ಕಂಡ ಚಿತ್ರ ಭಾರಿ ಯಶಸ್ಸು ಗಳಿಸಿತು. ಇದಕ್ಕಾಗಿ ಡಿಸ್ನಿಯವರಿಗೆ ಒಂದು ದೊಡ್ಡ ಹಾಗೂ ಏಳು ಪುಟ್ಟ ಪ್ರತಿಮೆಗಳಿದ್ದ ವಿಶೇಷ ಆಸ್ಕರ್ ಸಂದಿತು.

ಯಶಸ್ಸು ಬಹುಕಾಲ ನಿಲ್ಲಲಿಲ್ಲ. ಮಹಾಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿ, 1940ರ 'ಪಿನೋಕಿಯೊ' ಮತ್ತು 'ಫ್ಯಾಂಟೇಸಿಯಾ' ನಷ್ಟ ಅನುಭವಿಸಿದವು. 1941ರಲ್ಲಿ ಸಂಬಳದ ತಾರತಮ್ಯ ಮತ್ತು ಸಂಘದ ಮಾನ್ಯತೆಯ ಪ್ರಶ್ನೆಯ ಮೇಲೆ ಅವರದೇ ಕಲಾವಿದರು ಮುಷ್ಕರ ಹೂಡಿದರು. ನೂರಾರು ಕೈಗಳು ಚಿತ್ರಿಸಿದ ಕೃತಿಗೆ ಒಂದೇ ಹೆಸರು ಮೆರೆಯುತ್ತಿದ್ದುದು ಅನೇಕರಿಗೆ ನೋವು ತಂದಿತ್ತು. ಡಿಸ್ನಿ ಇದನ್ನು ದ್ರೋಹವೆಂದೇ ಭಾವಿಸಿದರು. ಕೊನೆಗೆ ಸಂಸ್ಥೆ ಸಂಘವನ್ನು ಒಪ್ಪಿಕೊಂಡಿತಾದರೂ ಹಲವು ಪ್ರತಿಭಾವಂತರು ಹೊರನಡೆದರು. ಡಿಸ್ನಿ ಅವರ ಬದುಕಿನ ಈ ಅಧ್ಯಾಯವನ್ನು ಮರೆತು ಅವರ ಛಲವನ್ನಷ್ಟೇ ಹೊಗಳುವುದು ಸರಿಯಾಗದು.

ಡಿಸ್ನಿಲ್ಯಾಂಡ್

ಐವತ್ತರ ದಶಕದಲ್ಲಿ ಡಿಸ್ನಿ ಮನೋರಂಜನಾ ಉದ್ಯಾನದ ಕನಸು ಕಂಡರು. ಜೀವವಿಮೆಯ ಮೇಲೆ ಸಾಲ ಪಡೆದರು. ಚಿತ್ರರಂಗದ ಇತರರು ವೈರಿಯೆಂದು ಬಗೆದಿದ್ದ ದೂರದರ್ಶನಕ್ಕೆ ವಾರದ ಕಾರ್ಯಕ್ರಮ ಮಾಡಿಕೊಡಲು ಒಪ್ಪಿ, ಎಬಿಸಿ ಜಾಲದಿಂದ ಬಂಡವಾಳ ತಂದರು. ಸುಮಾರು 1.7 ಕೋಟಿ ಡಾಲರ್ ವೆಚ್ಚದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ತೆರೆಯಿತು. ಮೊದಲ ದಿನ ನಕಲಿ ಟಿಕೆಟ್‌ಗಳಿಂದ ನೂಕುನುಗ್ಗಲಾಯಿತು, ಕುಡಿಯುವ ನೀರಿಗೆ ತತ್ವಾರವಾಯಿತು, ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಯಿತು. ದೋಷಗಳನ್ನು ಒಂದೊಂದಾಗಿ ಸರಿಪಡಿಸಲಾಯಿತು. ಎರಡು ತಿಂಗಳೊಳಗೆ 10 ಲಕ್ಷ ಜನ ಭೇಟಿ ನೀಡಿದರು.

ಡಿಸ್ನಿ 1966ರ ಡಿಸೆಂಬರ್ 15ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ನಿಧನರಾದರು. ನಿವೃತ್ತಿಯನ್ನು ಮುಂದೂಡಿದ ರಾಯ್, ತಮ್ಮನ ಕೊನೆಯ ಯೋಜನೆಯಾದ ಫ್ಲಾರಿಡಾದ 'ವಾಲ್ಟ್ ಡಿಸ್ನಿ ವರ್ಲ್ಡ್' ಉದ್ಯಾನವನ್ನು 1971ರ ಅಕ್ಟೋಬರ್‌ನಲ್ಲಿ ಉದ್ಘಾಟಿಸಿ, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. 1928ರಲ್ಲಿ ಕೈತಪ್ಪಿದ ಆಸ್ವಾಲ್ಡ್ ಮೊಲ, 78 ವರ್ಷಗಳ ನಂತರ, 2006ರಲ್ಲಿ ಡಿಸ್ನಿ ಸಂಸ್ಥೆಗೆ ಮರಳಿತು.