ಬೀಟಾ ತಂತ್ರಾಂಶ ದಿನಬಳಕೆಗೆ ಬಂದ ಬಗೆ

ಇನ್ನೂ ಪೂರ್ಣಗೊಳ್ಳದ ತಂತ್ರಾಂಶವನ್ನು ಹೊರಗಿನವರ ಕೈಗೆ ಕೊಟ್ಟು ಪರೀಕ್ಷಿಸುವ ಹಂತಕ್ಕೆ ಬೀಟಾ ಎನ್ನುತ್ತಾರೆ. ಇದರ ಮೂಲವನ್ನು ಸಾಮಾನ್ಯವಾಗಿ ಐಬಿಎಂ ಸಂಸ್ಥೆಯಲ್ಲಿ ಗುರುತಿಸಲಾಗುತ್ತದೆ. 1950ರ ದಶಕದಲ್ಲಿ ಅಲ್ಲಿ ಹೊಸ ಯಂತ್ರವನ್ನು ಘೋಷಿಸುವ ಮೊದಲು ‘ಎ’ ಪರೀಕ್ಷೆಯೂ ತಯಾರಿಕೆಗೆ ಇಳಿಸುವ ಮೊದಲು ‘ಬಿ’ ಪರೀಕ್ಷೆಯೂ ನಡೆಯುತ್ತಿದ್ದವು. ಅವು ಸಂಸ್ಥೆಯ ಒಳಗಿನ ಕೆಲಸಗಳು. ಗ್ರಾಹಕರಿಗೆ ಅವುಗಳ ಸುಳಿವೂ ಬೇಕಿರಲಿಲ್ಲ.

ಅಂತರಜಾಲ ಹರಡಿದ ಮೇಲೆ ಆ ಬಾಗಿಲು ತೆರೆಯಿತು. ನೆಟ್‌ಸ್ಕೇಪ್ ಬ್ರೌಸರಿನ ಬೀಟಾ 1994ರ ಅಕ್ಟೋಬರ್‌ನಲ್ಲಿ, ಪೂರ್ಣ ಆವೃತ್ತಿಗೆ ಎರಡು ತಿಂಗಳು ಮೊದಲೇ, ಎಲ್ಲರಿಗೂ ಸಿಕ್ಕಿತು. ಮರುವರ್ಷ ಅಮೆರಿಕದಲ್ಲಿ ವಿಂಡೋಸ್ 95ರ ಪೂರ್ವಾವೃತ್ತಿಯನ್ನು ಜನ 19.95 ಡಾಲರ್ ತೆತ್ತು ಫ್ಲಾಪಿಗಳಲ್ಲಿ ತರಿಸಿಕೊಂಡರು. 2000ದ ಸೆಪ್ಟೆಂಬರ್ 13ರಂದು ಬಂದ ಮ್ಯಾಕ್ ಓಎಸ್ ಟೆನ್ ಬೀಟಾದ ಬೆಲೆ 29.95 ಡಾಲರ್. ಮುಂದಿನ ವರ್ಷದ ಮೇ ತಿಂಗಳಿಗೆ ಅದು ತಾನಾಗಿಯೇ ನಿಲ್ಲುವಂತೆ ಮಾಡಲಾಗಿತ್ತು. ಹೀಗೆ ಪರೀಕ್ಷಕನೇ ಹಣ ಕೊಡುವ ವಿಚಿತ್ರ ಸ್ಥಿತಿ ಬಂದರೂ, ಮ್ಯಾಕ್ ಬೀಟಾ ಕೊಂಡವರಿಗೆ ಪೂರ್ಣ ಆವೃತ್ತಿಯ ಬೆಲೆಯಲ್ಲಿ 30 ಡಾಲರ್ ರಿಯಾಯಿತಿ ಸಿಕ್ಕಿದ್ದು ನ್ಯಾಯವೇ.

ಇವೆಲ್ಲ ಗಡುವಿದ್ದ ಬೀಟಾಗಳು. ಗಡುವನ್ನೇ ಅಳಿಸಿದ್ದು ಜಿಮೇಲ್. 2004ರ ಏಪ್ರಿಲ್ 1ರಂದು 1 ಗಿಗಾಬೈಟ್ ಜಾಗದೊಂದಿಗೆ, ಆಹ್ವಾನ ಇದ್ದವರಿಗೆ ಮಾತ್ರ ಎಂಬ ಕಟ್ಟಳೆಯಲ್ಲಿ ಅದು ಶುರುವಾಯಿತು. 2007ರಲ್ಲಿ ಎಲ್ಲರಿಗೂ ಮುಕ್ತವಾದಾಗಲೂ ಹೆಸರಿನ ಕೆಳಗೆ ‘ಬೀಟಾ’ ಉಳಿದಿತ್ತು. ಅಷ್ಟರಲ್ಲಿ ಕೆಲಸದ ಅರ್ಜಿ, ವ್ಯಾಪಾರದ ಪತ್ರ, ಮನೆಯವರ ಸುದ್ದಿ ಎಲ್ಲವೂ ಅದರಲ್ಲೇ ಓಡಾಡುತ್ತಿದ್ದವು. ನೆಟ್ಟಗೆ ನಡೆಯುತ್ತಿದ್ದ ಸೇವೆಗೆ ಆ ಪಟ್ಟಿ ಯಾಕೆ ಎಂಬ ಪ್ರಶ್ನೆ ಸಹಜವಾಗಿತ್ತು. ಕೆಲಸ ನಡೆಯುತ್ತಿರುವಾಗಲೇ ಸರ್ವರಿನಲ್ಲಿ ತಿದ್ದುಪಡಿ ಮಾಡಬಹುದಾದ್ದರಿಂದ ‘ಮುಗಿಯಿತು’ ಎನ್ನುವ ಘಳಿಗೆಯೇ ಬರುತ್ತಿರಲಿಲ್ಲ. 2005ರಲ್ಲಿ ತಂತ್ರಜ್ಞಾನ ಪುಸ್ತಕಗಳ ಪ್ರಕಾಶಕ ಟಿಮ್ ಒ'ರೈಲಿ ಇಂಥದ್ದನ್ನೇ ನಿರಂತರ ಬೀಟಾ ಎಂದು ವಿವರಿಸಿದ್ದರು. ಕೊನೆಗೆ ಪಟ್ಟಿ ಕಳಚಿದ್ದು 2009ರ ಜುಲೈ 7ರಂದು, ಅದೂ ವ್ಯಾಪಾರದ ಕಾರಣಕ್ಕೆ: ಪರೀಕ್ಷೆಯಲ್ಲಿದೆ ಎಂದು ಕಾಣುವ ಸೇವೆಗೆ ದೊಡ್ಡ ಸಂಸ್ಥೆಗಳು ತಮ್ಮ ವ್ಯವಹಾರ ಒಪ್ಪಿಸಲು ಹಿಂಜರಿಯುತ್ತಿದ್ದವು.

2014ರಲ್ಲಿ ಪರೀಕ್ಷೆ ಮತ್ತೆ ಕಾರ್ಯಾಚರಣ ವ್ಯವಸ್ಥೆಗೆ ಮರಳಿತು. ಆಪಲ್ ತನ್ನ ಮ್ಯಾಕ್ ವ್ಯವಸ್ಥೆಯ ಯೊಸೆಮಿಟಿ ಆವೃತ್ತಿಯ ಬೀಟಾವನ್ನು ಮೊದಲ 10 ಲಕ್ಷ ಮಂದಿಗೆ ಉಚಿತವಾಗಿ ತೆರೆಯಿತು. ಮೈಕ್ರೋಸಾಫ್ಟ್ ಪೂರ್ವಾವೃತ್ತಿಗಳನ್ನು ಬಳಕೆದಾರರಿಗೆ ಕೊಡುವ ವಿಂಡೋಸ್ ಇನ್‌ಸೈಡರ್ ಯೋಜನೆ ಆರಂಭಿಸಿತು. ಮರುವರ್ಷ ಐಫೋನಿಗೂ ಸಾರ್ವಜನಿಕ ಬೀಟಾ ಬಂತು. ಆಗ ಅಪಾಯದ ಸ್ವರೂಪ ಬದಲಾಯಿತು. ಬಹುತೇಕರ ಬಳಿ ಇರುವುದು ಒಂದೇ ಫೋನು, ಬ್ಯಾಂಕಿನ ಆ್ಯಪ್ ಇರುವುದೂ ಅದರಲ್ಲೇ. ಮುಖ್ಯ ಸಾಧನದಲ್ಲಿ ಬೀಟಾ ಹಾಕದಿರುವುದು ಲೇಸು. ಹಾಕುವುದಾದರೆ ಮೊದಲೇ ಬ್ಯಾಕಪ್ ತೆಗೆದಿಡಬೇಕು. ಬೀಟಾ ಇರುವಾಗ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಗೆ ಹೊಂದದೇ ಹೋಗಬಹುದು.